ಪ್ರಶ್ನೆಚಿಹ್ನೆಯಾದ ಹಿರಿಯರು

ಅರಭಾವಿ, 12-6-2004

ಚಿ. ಸೌ. ತೃಪ್ತಿಗೆ ಅತ್ತೆಯ ಆಶೀರ್ವಾದ.

ನೀನು ಕಂಪ್ಯೂಟರಿಗೆ ಹಾಕಿದ ನಮ್ಮ ವಂಶಾವಳಿಯ ಹೆಸರುಗಳೆಲ್ಲ ಪ್ರಶ್ನೆಚಿಹ್ನೆಗಳಾಗಿ ಬಂದಾಗ, "ಹಿರ್ಯಾರನ್ನ ನುಂಗಿಬಿಟ್ಟಿ" ಎಂದು ನೆಂಟರ ಮುಂದೆ ನಾನು ನಿನ್ನನ್ನು ಬೈದೆ. ನೀನು ಹುಕ್ಕೇರಿಗೆ, ತವರಿಗೆ ಹೋದೆ.

ನಿನ್ನೆ ಮೈದುನನ ಮಗ ನಿತಿನ ಬಂದು ನೋಡಿದ. "ಕಾಕೂ, ತೃಪ್ತಿ ವೈನಿದೇನ ತಪ್ಪಿಲ್ರಿ. ಡೇಟಾಬೇಸಿನ್ಯಾಗ ಇಂಗ್ಲಿಷ್ ಅಕ್ಷರಕ್ಕಷ್ಟ ಜಾಗಾ ಇತ್ತು" ಎಂದ. ಈಗ ಕನ್ನಡವೂ ಹಿಡಿಯುವ ಯೂನಿಕೋಡಿಗೆ ಬದಲಿಸಿದ್ದಾನೆ. ಆದರೆ ಹೋದ ಹೆಸರುಗಳು ಮರಳುವುದಿಲ್ಲವಂತೆ. ವಂಶಾವಳಿ ಬರೆದಿಟ್ಟ ಹಳೆಯ ಪುಸ್ತಕ ನೋಡಿ ಮತ್ತೆ ಹಾಕಬೇಕು.

ಸೋಮವಾರದ ಬಸ್ಸಿಗೆ ಬಾ. ನಾನು ಓದುತ್ತೇನೆ, ನೀನು ಟೈಪ್ ಮಾಡು.

ಸೊಸೆಯ ಹೆಸರನ್ನು ಅತ್ತೆಯೇ ಆ ಪುಸ್ತಕದಲ್ಲಿ ಬರೆಯುವುದು ನಮ್ಮ ಮನೆಯ ಪದ್ಧತಿ. ನೀನು ಈ ಮನೆಗೆ ಬಂದು ಮೂರು ವರ್ಷವಾದರೂ ನಾನು ಬರೆದಿರಲಿಲ್ಲ. ಇವತ್ತು ನಿನ್ನ ಹೆಸರು ಬರೆದೆ. ಮೊದಲು ಅದನ್ನೇ ಹಾಕು. ಸರಿಯಾಗಿ ಬರುತ್ತದೋ ಇಬ್ಬರೂ ನೋಡೋಣ.

ನಿನ್ನ ಅತ್ತೆ,
ಚಂಪಾಬಾಯಿ