ನಂಜಿ ಬೇಗಬೇಗ ಹಾಡಿದ ಮುಖಾರಿ

ಜಯನಗರ, ೧೯೬೩

ಲೇ ನಂಜಿ, ಮರ್ಯಾದೆಗೆಟ್ಟವಳೇ, ಅಕ್ಕ ಗುಂಡುಕಲ್ಲಿನ ಹಾಗೆ ಕೂತಿರುವಾಗ ತಂಗಿಯಾದವಳು ಮೊದಲು ಸಾಯುವುದುಂಟೇನೇ? ನೀನು ಹೋಗಿ ಎರಡು ವರ್ಷವಾಯಿತು. ಆದರೂ ಬರೆಯುತ್ತಿದ್ದೇನೆ, ಓದು.

ಇವತ್ತು ಮಧ್ಯಾಹ್ನ ಹಜಾರದಲ್ಲಿ ಅವರೆಕಾಯಿ ಸುಲಿಯುತ್ತ, ನನ್ನ ಮದುವೆಯಲ್ಲಿ ನೀನು ಹಾಡಿದ ಹಾಡನ್ನು ನಿನ್ನಷ್ಟೇ ಚುರುಕಾಗಿ ಗುನುಗುತ್ತಿದ್ದೆ. ನಾಲ್ಕು ವರ್ಷದಿಂದ ಸಂಗೀತ ಕಲಿಯುತ್ತಿರುವ ಮೊಮ್ಮಗಳು ವಿಮಲಾ ತಲೆಯೆತ್ತಿದಳು.

"ಅಜ್ಜಿ, ಇದು ಮುಖಾರಿ. ಅಳೋ ರಾಗ. ಯಾರು ತೀರ್ಕೊಂಡಿದ್ರು?"

"ಥೂ, ಬಿಡ್ತು ಅನ್ನು! ನನ್ನ ಮದುವೆ ಹಾಡು ಕಣೇ. ಅಕ್ಕ ತೊಲಗಿದಳು ಅಂತ ನನ್ನ ತಂಗಿ ಕುಣ್ಕೊಂಡು ಹಾಡಿದ್ದು."

"ಕುಣಿದಿದ್ದು ತಾಳ ಅಜ್ಜಿ. ನೀನು ತಾಳ ಒಂದನ್ನೇ ಕೇಳಿದ್ದೀಯ."

ಅವಳು ಶ್ರುತಿಪೆಟ್ಟಿಗೆ ಹಿಡಿದು ಅದನ್ನೇ ನಿಧಾನವಾಗಿ ಹಾಡಿದಳು. ಗೋಡೆಯ ಮೇಲಿನ ಬಿಸಿಲು ನೀರಿನ ಹಾಗೆ ಅಲ್ಲಾಡಿತು. ಹಜಾರವೇ ಬೇಗೂರಿನ ನನ್ನ ಮದುವೆ ಚಪ್ಪರವಾಯಿತು. ನೀನು ಕಂಬ ಹಿಡಿದು ನಿಂತಿದ್ದೆ, ಒಂದೊಂದು ಸ್ವರವೂ ನಡುಗುತ್ತಿತ್ತು. ನೀನು ಹಾಡುವ ಮುಂಚೆ, ಮದುವೆಮನೆಯಲ್ಲಿ ಕಣ್ಣೀರು ಬೀಳಬಾರದೆಂದು ಅಪ್ಪ ನಿನ್ನನ್ನು ಗದರಿದ್ದು ಆಗ ನೆನಪಾಯಿತು.

ನೀನು ನಾಗಸ್ವರದವರ ಹತ್ತಿರ ಹಾಡು ಕಲಿತವಳು, ನಾನು ಎಮ್ಮೆ ಕಾಯ್ದವಳು. ನನಗೇನು ತಿಳಿಯುತ್ತದೆ? ಬಾಯಿಬಿಟ್ಟು ಹೇಳಬಾರದಿತ್ತೇ? ನಾನು ಹೋದೆನೆಂದು ನೀನು ಕುಣಿದೆ ಅನ್ನುವುದನ್ನೇ ನಲವತ್ತು ವರ್ಷ ಮನಸ್ಸಿನಲ್ಲಿಟ್ಟುಕೊಂಡು ಮಗನ ಮದುವೆಗೂ ನಿನ್ನನ್ನು ಕರೆಯಲಿಲ್ಲ. ಆ ಮಾತು ಈಗ ಬೇಡ. ಅವರೆಕಾಯಿ ಮೊರದಲ್ಲಿ ಹಾಗೇ ಉಳಿದಿದೆ.

ಅವತ್ತು ನೀನು ಅಳುತ್ತಿದ್ದೆಯಾ? ಹೌದೋ ಇಲ್ಲವೋ, ಒಂದು ಮಾತು ಸಾಕು. ಮುಂದಿನ ತಿಂಗಳು ಹುಟ್ಟುವುದರೊಳಗೆ ಬರೆದು ಹಾಕು.