ವಾರ್ಡಿನ ಪರದೆಗೆ ಬಾರದ ಅಕ್ಷರಗಳು

ಆಸ್ಪತ್ರೆಯ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರೇ,

ನಮ್ಮ ವಾರ್ಡುಗಳ ಕಂಪ್ಯೂಟರ್ ಪರದೆಯಲ್ಲಿ ನಮ್ಮ ಭಾಷೆ ಕಾಣುವುದಿಲ್ಲ. ಅಕ್ಷರವಿರಬೇಕಾದ ಕಡೆಯೆಲ್ಲ ಖಾಲಿ ಚೌಕಗಳು. ನಾಲ್ಕು ಸಲ ಅರ್ಜಿ ಬರೆದೆ. "ವಾರ್ಡುಗಳ ಲಿನಕ್ಸ್ ಯಂತ್ರಗಳಿಗೆ ಎಲ್ಲ ಭಾಷೆಗಳನ್ನೂ ತೋರಿಸುವ ಯುನಿಕೋಡ್ ಫಾಂಟ್ ಅಳವಡಿಸಲಾಗಿದೆ, ದೂರು ಮುಕ್ತಾಯ" ಎಂದು ನಾಲ್ಕು ಸಲವೂ ಉತ್ತರಿಸಿದಿರಿ. ಐದನೆಯದನ್ನು ಊರೆಲ್ಲ ಓದಲಿ ಎಂದು ಪತ್ರಿಕೆಗೆ ಕೊಟ್ಟಿದ್ದೇನೆ.

ನಾನು ದಾಖಲಾತಿ ಕೌಂಟರಿನ ಗುಮಾಸ್ತ. ಹೋದ ತಿಂಗಳು ನನ್ನ ಚಿಕ್ಕಮ್ಮನನ್ನೇ ಕಾಲಿನ ಹುಣ್ಣಿಗೆಂದು ಸೇರಿಸಿಕೊಂಡೆ. ತಾಯಿಯಿಲ್ಲದ ನನ್ನನ್ನು ಸಾಕಿದವಳು ಅವಳು. "ಪೆನಿಸಿಲಿನ್ ನಂಗೆ ಆಗಲ್ಲ ಅಂತ ಬರ್ಕೊಂಡ್ಯೇನೋ?" ಎಂದು ಮೂರು ಸಲ ಕೇಳಿದಳು. "ಮೊದಲ್ನೇ ಸಾಲಲ್ಲೇ ಬರ್ದಿದೀನಿ ಚಿಕ್ಕಮ್ಮ" ಎಂದೆ. ನನ್ನ ಪರದೆಯಲ್ಲಿ ಅದು ಮುತ್ತು ಪೋಣಿಸಿದಂತಿತ್ತು. ವಾರ್ಡಿನ ಹಳೆಯ ಯಂತ್ರದ ಕಪ್ಪು ಪರದೆಯಲ್ಲಿ ಬರೀ ಚೌಕಗಳ ಸಾಲು. ರೋಗಿಯ ಹೆಸರೂ ಚೌಕ, ವಿಳಾಸವೂ ಚೌಕವಾಗಿರುವಾಗ ಎಚ್ಚರಿಕೆಯ ಚೌಕ ಯಾವುದೆಂದು ನರ್ಸಮ್ಮನಿಗೆ ಹೇಗೆ ತಿಳಿಯಬೇಕು? ಚಿಕ್ಕಮ್ಮ ಅಷ್ಟರಲ್ಲಿ ತಾನಾಗಿ ಹೇಳಲಾರದಷ್ಟು ಜ್ವರದ ಮಂಪರಿನಲ್ಲಿದ್ದಳು. ಪೆನಿಸಿಲಿನ್ ಚುಚ್ಚುಮದ್ದು ಕೊಟ್ಟ ಹತ್ತೇ ನಿಮಿಷಕ್ಕೆ ಮುಖ ಊದಿತು, ಉಸಿರು ಕಟ್ಟಿತು. ಡಾಕ್ಟರು ಪಕ್ಕದ ಹಾಸಿಗೆಯ ಬಳಿಯೇ ಇದ್ದುದರಿಂದ ಬದುಕಿದಳು. ಈಗ ನಾನು ಮಾತ್ರೆ ಕೊಟ್ಟರೂ ತಿರುಗಿಸಿ ತಿರುಗಿಸಿ ನೋಡಿ, ಆಮೇಲೆ ನನ್ನ ಮುಖ ನೋಡುತ್ತಾಳೆ.

ಕಂಪ್ಯೂಟರ್ ರಿಪೇರಿಯವನು ನನ್ನನ್ನು ಕೂರಿಸಿಕೊಂಡು ವಿವರಿಸಿದ. "ಅಣ್ಣಾ, ಈ ಕಪ್ಪು ಪರದೆ ಒಟ್ಟು ಐನೂರ ಹನ್ನೆರಡು ಆಕಾರ ಅಷ್ಟೇ ಹಿಡಿಯೋದು. ಇಂಗ್ಲಿಷಿಗೆ ಸಾಕು, ನಮ್ ಕಾಗುಣಿತ, ಒತ್ತಕ್ಷರಕ್ಕೆಲ್ಲ ಸಾಲಲ್ಲ. ಬೇರೆ ಫಾಂಟ್ ಹಾಕಿದ್ರೂ ಒತ್ತಕ್ಷರಾನ ಕೆಳಗೆ ಕೂರಿಸೋಕೆ ಇದಕ್ಕೆ ಬರಲ್ಲ. ಅಕ್ಷರ ಜೋಡ್ಸಿ ತೋರ್ಸೋ ಸಣ್ಣ ಪ್ರೋಗ್ರಾಂ ಒಂದಿದೆ, ಹಾಕಿದ್ರೆ ಇವತ್ತೇ ಕಾಣತ್ತೆ. ಪಾಸ್‌ವರ್ಡ್ ಮಾತ್ರ ಕಂಪ್ಯೂಟರ್ ವಿಭಾಗದ ಸಾಹೇಬ್ರ ಹತ್ರ ಇದೆ." ಫಾಂಟಿನ ಹೆಸರಲ್ಲಿ ಯುನಿಕೋಡ್ ಎಂದಿದ್ದ ಮಾತ್ರಕ್ಕೆ ಲೋಕದ ಭಾಷೆಗಳೆಲ್ಲ ಅದರ ಹೊಟ್ಟೆಯಲ್ಲಿರುತ್ತವೆಯೇ ಮಾನ್ಯರೇ? ಬಾಗಿಲ ಮೇಲೆ ಆಸ್ಪತ್ರೆ ಎಂದು ಬರೆದಿದ್ದರೆ ಒಳಗಿನ ರೋಗ ತಾನಾಗಿ ವಾಸಿಯಾಗುತ್ತದೆಯೇ?

ಟಿಪ್ಪಣಿಗಳನ್ನು ನಮ್ಮ ಭಾಷೆಯಲ್ಲೇ ಬರೆಯಬೇಕೆಂಬ ಸುತ್ತೋಲೆಯೂ ತಮ್ಮದೇ. ಹಾಗೆ ಬರೆದರೆ ವಾರ್ಡಿಗೆ ಕಾಣದು, ಇಂಗ್ಲಿಷಿನಲ್ಲಿ ಬರೆದರೆ ಆಜ್ಞೆಯ ಉಲ್ಲಂಘನೆ. ಅತ್ತ ದರಿ, ಇತ್ತ ಪುಲಿ. ಎಚ್ಚರಿಕೆಯನ್ನು ಕಾಗದದಲ್ಲಿ ಬರೆದು ಹಾಸಿಗೆಯ ತಲೆದೆಸೆಯ ಗೋಡೆಗೆ ಅಂಟಿಸಿದೆ. ಗೋಡೆ ಕೆಡಿಸಿದ್ದಕ್ಕೆ ಮೆಮೊ ಬಂತು. ನರ್ಸಮ್ಮನಿಗಂತೂ "ದಾಖಲೆ ಓದದೆ ನಿರ್ಲಕ್ಷ್ಯ" ಎಂದು ನೋಟಿಸು. ಹನ್ನೊಂದು ವರ್ಷ ಸೇವೆ ಮಾಡಿದವರು ನನ್ನ ಕೌಂಟರಿನ ಮುಂದೆ ನಿಂತು, "ಓದೋಕೆ ಏನಾದ್ರೂ ಇದ್ರೆ ತಾನೇ ಸಾರ್ ಓದೋದು?" ಎಂದು ಅತ್ತರು. ಅವರ ಸಮಜಾಯಿಷಿಯನ್ನು ವಾರ್ಡಿನ ಯಂತ್ರದಲ್ಲೇ, ನಮ್ಮ ಭಾಷೆಯಲ್ಲೇ ಟೈಪ್ ಮಾಡಬೇಕಂತೆ. ಬರೆದದ್ದೇನೆಂದು ಅವರಿಗೇ ಕಾಣದು.

ಆ ನೋಟಿಸನ್ನು ಹಿಂದಕ್ಕೆ ಪಡೆಯಿರಿ. ಪ್ರೋಗ್ರಾಂ ಹಾಕಲು ಈ ವಾರವೇ ಅನುಮತಿ ಕೊಡಿ. ಅದಾಗದಿದ್ದರೆ ಖುದ್ದಾಗಿ ವಾರ್ಡಿಗೆ ಬನ್ನಿ. ಇಪ್ಪತ್ತೆಂಟು ಹಾಸಿಗೆಗಳಿವೆ. ಪರದೆ ಓದಿ, ಯಾರಿಗೆ ಯಾವ ಮದ್ದು ಕೊಡಬಾರದೆಂದು ಒಬ್ಬೊಬ್ಬರದಾಗಿ ಹೇಳಿ. ಸಿರಿಂಜು ಹಿಡಿದು ನಿಂತವರು ತಮ್ಮ ಮಾತಿಗೆ ಕಾಯುತ್ತಿರುತ್ತಾರೆ.

ಇಂತಿ,
ಕೆಲಸ ಬಿಡಲಾರದ, ಸುಮ್ಮನಿರಲೂ ಆಗದ
ದಾಖಲಾತಿ ಗುಮಾಸ್ತ