ಗಳದ ಮೇಲಿನ ಮಡಿ ಸೀರೆ

ಬ್ರಹ್ಮಪುರ, ಕಲಬುರ್ಗಿ
೧೪-೨-೧೯೯೮

ಪೂಜ್ಯ ತುಂಗಾಬಾಯಿಯವರಿಗೆ ಬಾಡಿಗೆದಾರ ಬಂಡುವಿನ ನಮಸ್ಕಾರಗಳು.

ಕಮಲಾಪುರದಲ್ಲಿ ಮಗಳು, ಮೊಮ್ಮಗು ಕ್ಷೇಮವೆಂದು ನಂಬಿದ್ದೇನೆ. ಹೊರಡುವಾಗ ನೀವು ಪಡಸಾಲೆಯ ಬಿದಿರು ಗಳದ ಮೇಲೆ ಮಡಿ ಸೀರೆ ಒಣಹಾಕಿ, “ನಾ ಬರೂತನಕ ಯಾರೂ ಮುಟ್ಟಬ್ಯಾಡ್ರಿ” ಎಂದಿದ್ದಿರಿ. ನಾವು ಮುಟ್ಟಲಿಲ್ಲ. ಬಾಡಿಗೆಗೆ ಹಿಡಿದ ಅದೇ ಪಡಸಾಲೆಯಲ್ಲಿ ನಮ್ಮ ಕಲಾಕೇಂದ್ರದ ಚಿತ್ರಪ್ರದರ್ಶನ ಅದರ ಕೆಳಗೇ ಉದ್ಘಾಟನೆಯಾಯಿತು.

ಬೆಂಗಳೂರಿನಿಂದ ಬಂದಿದ್ದ ವಿಮರ್ಶಕರು ನನ್ನ ಹನ್ನೆರಡು ಚಿತ್ರಗಳನ್ನು ದಾಟಿ ಹೋಗಿ, ನಿಮ್ಮ ಸೀರೆಯ ಮುಂದೆ ಅರ್ಧ ಗಂಟೆ ನಿಂತರು. ಇದರ ಕಲಾವಿದರು ಯಾರೆಂದು ಕೇಳಿದರು. ನಾನು ನಿಜ ಹೇಳುವಷ್ಟರಲ್ಲಿ ಗೆಳೆಯ ಶಫಿ, “ತುಂಗಾಬಾಯಿಯವ್ರು ರೀ, ಭಾಳ ಹಿರೇರು. ಮುಟ್ಟಿದ್ರ ಸುಮ್ಮನ ಬಿಡಂಗಿಲ್ಲ” ಎಂದುಬಿಟ್ಟ. ಜನ ನನ್ನ ಚಿತ್ರಗಳನ್ನೆಲ್ಲ ಬೆರಳಿನಿಂದ ಉಜ್ಜಿ ನೋಡಿದರು. ಸೀರೆಯ ಹತ್ತಿರ ಒಬ್ಬರೂ ಸುಳಿಯಲಿಲ್ಲ.

ಯುಗಾದಿಗೆ ಪಡಸಾಲೆ ಖಾಲಿ ಮಾಡಲು ಹೇಳಿದ್ದಿರಿ. ಆದರೆ ಯುಗಾದಿಯ ಮರುವಾರ ಇಲ್ಲೇ ನಮ್ಮ ಮುಂದಿನ ಪ್ರದರ್ಶನ, ಆ ವಿಮರ್ಶಕರೂ ಬರುತ್ತಾರೆ. ಆಮಂತ್ರಣದಲ್ಲಿ ನಿಮ್ಮ ಹೆಸರು ಮೇಲೆ, ನನ್ನದು ಕೆಳಗೆ ಅಚ್ಚಾಗಿದೆ. ತಾವು ಎಲ್ಲರೆದುರು ಕೋಲಿನಿಂದ ಸೀರೆ ಹರವಿ ತೋರಿಸಬೇಕು. ಹಾಗೆಯೇ ನನ್ನ ಚಿತ್ರಗಳ ಕಡೆಗೂ ಕೈಮಾಡಿ, “ಯಾರೂ ಮುಟ್ಟಬ್ಯಾಡ್ರಿ” ಎಂದು ಒಮ್ಮೆ ಗದರಬೇಕು. ನಾನು ಹೇಳಿದರೆ ಯಾರೂ ಕೇಳುವುದಿಲ್ಲ.

ನಿಮ್ಮ ಬಾಡಿಗೆದಾರ ಹಾಗೂ ಸಹಕಲಾವಿದ,
ಬಂಡು